ಹಾಡಿನ ಮೇಲೆ ಮುಳ್ಳಿನ ಭಾರ

1902ನೇ ಇಸವಿಯ ಜೂನ್ 30ರಂದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ತೆಗೆದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯ ಕಂಠವನ್ನು ಮೇಣದ ತಟ್ಟೆಯ ಮೇಲೆ ಕೊರೆಸಿಕೊಂಡ. ಈ ಎರಡು ಸಂಗತಿಗಳಿಗೂ ಆಗ ಪರಸ್ಪರ ಏನೂ ಸಂಬಂಧವಿರಲಿಲ್ಲ. ಮುಂದೆ ಮನೆಯೊಳಗೆ ಕುಳಿತು ಹಾಡು ಕೇಳುವ ಅಭ್ಯಾಸ ಹಳೆಯ ಮೈಸೂರು ಸೀಮೆಯಲ್ಲಿ ಬೆಳೆದದ್ದು ಮಾತ್ರ ಈ ಎರಡೂ ಎಳೆಗಳು ಕೂಡಿದ ಮೇಲೆಯೇ. ಮಂಡ್ಯ, ಮದ್ದೂರು, ಮಳವಳ್ಳಿಗಳ ಮಟ್ಟಿಗೆ ಇದರಲ್ಲೊಂದು ವಿನೋದವಿದೆ. ವಿದ್ಯುತ್ತು ಹುಟ್ಟಿದ್ದು ಇಲ್ಲೇ ಆದರೂ ಅದು ಮೊದಲು ಹೋದದ್ದು ಗಣಿಗೆ, ಆಮೇಲೆ 1905ರಲ್ಲಿ ಬೆಂಗಳೂರಿನ ಬೀದಿಗೆ, 1908ರಲ್ಲಿ ಮೈಸೂರಿನ ಅರಮನೆಗೆ. ಹೊಳೆಯ ದಡದ ಹಳ್ಳಿಗಳು ಬುಡ್ಡಿ ದೀಪದಲ್ಲೇ ಇನ್ನೂ ದಶಕಗಟ್ಟಲೆ ಕಾಯಬೇಕಾಯಿತು.

ಪುಣ್ಯಕ್ಕೆ, ಗ್ರಾಮಫೋನಿಗೆ ಕರೆಂಟಿನ ಹಂಗಿರಲಿಲ್ಲ. ಪಕ್ಕದ ಹಿಡಿಯನ್ನು ತಿರುಗಿಸಿ ಕೀಲಿ ಕೊಟ್ಟರೆ ಒಳಗಿನ ಉಕ್ಕಿನ ಸುರುಳಿ ಬಿಗಿದುಕೊಳ್ಳುತ್ತದೆ. ಅದು ಬಿಚ್ಚಿಕೊಳ್ಳುತ್ತ ತಟ್ಟೆಯನ್ನು ನಿಮಿಷಕ್ಕೆ 78 ಸುತ್ತು ತಿರುಗಿಸುತ್ತದೆ. ತಟ್ಟೆಯ ಗೀರಿನಲ್ಲಿ ಓಡುವ ಉಕ್ಕಿನ ಸೂಜಿ ನಡುಗಿ, ಆ ನಡುಕ ತೆಳುವಾದ ಅಭ್ರಕದ ಬಿಲ್ಲೆಗೆ ತಾಗಿ, ಅಲ್ಲಿಂದ ಕಹಳೆಯಂಥ ಕೊಳವೆಯಲ್ಲಿ ದೊಡ್ಡದಾಗಿ ಹೊರಗೆ ಬರುತ್ತದೆ. ಇಡೀ ಯಂತ್ರದಲ್ಲಿ ಎಲ್ಲಿಯೂ ವಿದ್ಯುತ್ತಿಲ್ಲ. ಕೈಯ ಬಲವೇ ಹಾಡಾಗುತ್ತಿತ್ತು. ಜನ ಅದಕ್ಕೆ ‘ಹಾಡೋ ಪೆಟ್ಟಿಗೆ’ ಎಂದರು, ತಟ್ಟೆಗೆ ‘ಪ್ಲೇಟು’ ಎಂದರು, ಸೂಜಿಗೆ ‘ಮುಳ್ಳು’ ಎಂದರು. ಈ ಕೊನೆಯ ಹೆಸರು ತಿಳಿಯದೆ ಇಟ್ಟದ್ದಾದರೂ ಬಹಳ ಸರಿಯಾದದ್ದು. ಯೂರೋಪಿನ ರಸಿಕರು ಒಂದು ಹಂತದಲ್ಲಿ ಉಕ್ಕಿನ ಸೂಜಿಯನ್ನು ಬಿಟ್ಟು ನಿಜವಾದ ಕಳ್ಳಿಮುಳ್ಳನ್ನೇ ಚೂಪು ಮಾಡಿ ಬಳಸುತ್ತಿದ್ದರು. ಉಕ್ಕು ತಟ್ಟೆಯನ್ನು ತಿನ್ನುತ್ತದೆ, ಮುಳ್ಳಾದರೆ ತಾನೇ ಸವೆದು ತಟ್ಟೆಯನ್ನು ಉಳಿಸುತ್ತದೆ ಎಂಬುದು ಅವರ ಲೆಕ್ಕಾಚಾರ.

ತಟ್ಟೆ ಯಾವುದರಿಂದ ಆಗುತ್ತಿತ್ತು ಎನ್ನುವುದನ್ನೂ ಇಲ್ಲೇ ಹೇಳಬೇಕು. ಅದಕ್ಕೆ ಅಂಟಾಗಿ ಬರುತ್ತಿದ್ದುದು ಅರಗು. ಪಾಂಡವರನ್ನು ಸುಡಲು ಕಟ್ಟಿಸಿದ ಮನೆಯ ಅರಗು, ಮದ್ದೂರಿನಿಂದ ರೈಲು ಹತ್ತಿದರೆ ಸಿಗುವ ಚನ್ನಪಟ್ಟಣದಲ್ಲಿ ಗೊಂಬೆಗಳಿಗೆ ಮೆರುಗು ಕೊಡುವ ಅರಗು. ಒಂದು ಬಗೆಯ ಕೀಟ ಮರದ ಕೊಂಬೆಯ ಮೇಲೆ ಸುರಿಸುವ ಈ ವಸ್ತು ಹೆಚ್ಚಾಗಿ ಛೋಟಾ ನಾಗಪುರದ ಕಾಡುಗಳಿಂದ ಜಗತ್ತಿಗೆಲ್ಲ ಹೋಗುತ್ತಿತ್ತು. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆಯಂಥ ಕಪ್ಪು, ಹತ್ತಿಯ ನಾರು ಬೆರೆಸಿ ಒತ್ತಿದರೆ ತಟ್ಟೆ. ಕಲ್ಲಿನ ಪುಡಿಯನ್ನು ಬೇಕೆಂದೇ ಸೇರಿಸುತ್ತಿದ್ದರು. ಹೊಸ ಸೂಜಿ ಮೊದಲ ಕೆಲವು ಸುತ್ತುಗಳಲ್ಲೇ ಆ ಪುಡಿಗೆ ಉಜ್ಜಿಕೊಂಡು ಗೀರಿನ ಆಕಾರಕ್ಕೆ ಸವೆಯಬೇಕಿತ್ತು. ಒಂದು ಮಗ್ಗುಲು ಮುಗಿಯಿತೆಂದರೆ ಸೂಜಿಯ ಆಯುಸ್ಸೂ ಮುಗಿಯಿತು, ಅದನ್ನು ಎಸೆದು ಬೇರೆಯದನ್ನು ಸಿಕ್ಕಿಸಬೇಕು. ನೂರಾರು ಸೂಜಿಗಳ ಪುಟ್ಟ ತಗಡಿನ ಡಬ್ಬಿ ಪೆಟ್ಟಿಗೆಯ ಜೊತೆಗೇ ಬರುತ್ತಿತ್ತು. ದುಡ್ಡು ಉಳಿಸಲು ಅದೇ ಸೂಜಿಯಲ್ಲಿ ಹತ್ತು ಪ್ಲೇಟು ಹಾಕಿದ ಮನೆಗಳಲ್ಲಿ ಹಾಡು ಬೇಗನೆ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಕಪ್ಪು ತಟ್ಟೆ ಬೆಳ್ಳಗಾಯಿತೆಂದರೆ ಒಳಗಿನ ದನಿ ಸತ್ತಿತೆಂದು ಅರ್ಥ.

ಹಾಗಾಗಿ ಒಳ್ಳೆಯ ಯಂತ್ರ ಯಾವುದು ಎಂಬ ಪ್ರಶ್ನೆ ಹೊಸ ಕಾಲದ್ದಲ್ಲ. ಪೆಟ್ಟಿಗೆ ಕೊಳ್ಳಲು ಬಂದವನು ಎರಡು ಸಂಗತಿ ನೋಡಬೇಕಿತ್ತು: ಹಾಡು ಮುಗಿಯುವವರೆಗೂ ಸುರುಳಿಯ ವೇಗ ಕುಗ್ಗದೆ ಇರುತ್ತದೆಯೇ, ಮತ್ತು ಸೂಜಿ ಹಿಡಿದ ತಲೆ ಎಷ್ಟು ಭಾರವಾಗಿದೆ. ಮೊದಲನೆಯದು ಯಾರ ಕಿವಿಗಾದರೂ ತಿಳಿಯುತ್ತದೆ. ಕೀಲಿ ಇಳಿದಾಗ ಹೆಣ್ಣುದನಿ ಗಂಡುದನಿಯಾಗಿ ಎಳೆಯತೊಡಗಿದರೆ ಮಕ್ಕಳಿಗೆ ನಗುವೋ ನಗು. ಎರಡನೆಯದನ್ನು ಕೇಳಿದವರು ಕಡಿಮೆ. ಆ ಕಾಲದ ತಲೆಗಳು ನೂರು ಗ್ರಾಮಿಗೂ ಹೆಚ್ಚು ಭಾರವನ್ನು ಒಂದು ಸೂಜಿಮೊನೆಯ ಮೇಲೆ ಹೇರುತ್ತಿದ್ದವು. ಕೇಳಿದಷ್ಟೂ ಹಾಡು ಸವೆಯುವುದು ಆ ಯಂತ್ರದ ಜಾಯಮಾನವೇ ಆಗಿತ್ತು. ಮುಂದಿನ ನೂರು ವರ್ಷಗಳ ಕಾಲ ಒಂದಾದ ಮೇಲೊಂದು ಬಂದ ಯಂತ್ರಗಳ ಕಥೆಯನ್ನು ಈ ಭಾರ ಇಳಿಯುತ್ತ ಹೋದ ಕಥೆ ಎಂದೇ ಓದಬಹುದು.

ಸಂಗೀತಕ್ಕೆ ಅದು ಹಾಕಿದ ಇನ್ನೊಂದು ಕಟ್ಟು ಸಮಯದ್ದು. ಹತ್ತಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ, ಸ್ವಲ್ಪ ಹೆಚ್ಚು. ಇಡೀ ರಾತ್ರಿ ರಾಗ ಬೆಳೆಸುವವರು ಮೂರು ನಿಮಿಷದಲ್ಲಿ ಆಲಾಪ, ಸಾಹಿತ್ಯ, ಸ್ವರ ಎಲ್ಲವನ್ನೂ ಮುಗಿಸಬೇಕು. ಅನೇಕ ವಿದ್ವಾಂಸರು ಈ ಕಾರಣಕ್ಕೇ ಹಿಂದೆಗೆದರು. ಗೌಹರ್ ಜಾನ್ ಹಿಂದೆಗೆಯಲಿಲ್ಲ. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿ, ಪ್ರತಿ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿ ಮುಗಿಸುತ್ತಿದ್ದಳು. ಮೇಣದ ಮೂಲಗಳು ಆಗ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ ಅಲ್ಲಿ ತಟ್ಟೆಗಳಾಗಿ ಹಿಂತಿರುಗಬೇಕಿತ್ತು. ಯಾರ ಹಾಡು ಯಾವುದು ಎಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲಿ ಎಂದೇ ಆ ಕೂಗು ಎಂದು ವಿವರಿಸುತ್ತಾರೆ. ಕಲ್ಕತ್ತೆಯ ಸಿಯಾಲ್ಡಾದಲ್ಲಿ ಕಾರ್ಖಾನೆ ಆದದ್ದು 1908ರಲ್ಲಿ. ಇದೇ ಗೌಹರ್ ಜಾನ್ ಸಿರಿತನವನ್ನೆಲ್ಲ ಕಳೆದುಕೊಂಡು, 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಗಾಯಕಿಯಾಗಿ ಮೈಸೂರಿಗೆ ಬಂದಳು. 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡಳು. ಭಾರತದ ತಟ್ಟೆಗಳ ಮೊದಲ ತಾರೆಯ ಕೊನೆಯ ದಿನಗಳು ಕಳೆದದ್ದು ಕನ್ನಡದ ನೆಲದಲ್ಲಿ ಎಂಬುದು ಎಷ್ಟೋ ಜನಕ್ಕೆ ಮರೆತೇ ಹೋಗಿದೆ.

ಯಂತ್ರವಿಲ್ಲದೆಯೇ ದನಿ ದೊಡ್ಡದು ಮಾಡುವ ಪ್ರಯತ್ನವೂ ಆಗ ನಡೆದಿತ್ತು. ಮೈಕು ಬಾರದ ದಿನಗಳಲ್ಲಿ ಹಿಂದಿನ ಸಾಲಿನವರಿಗೂ ಕೇಳಲೆಂದು ಪಿಟೀಲು ಚೌಡಯ್ಯನವರು ತಂತಿಗಳನ್ನು ಜೋಡಿ ಮಾಡಿ ನಾಲ್ಕರ ಪಿಟೀಲನ್ನು ಏಳು ತಂತಿಯದು ಮಾಡಿಕೊಂಡರು. ತಿರುಮಕೂಡಲಿನ ಚೌಡಯ್ಯನವರಿಗೂ ಮದ್ದೂರಿಗೂ ಒಂದು ನಂಟಿದೆ: ತಾಲ್ಲೂಕಿನ ದೊಡ್ಡರಸಿನಕೆರೆಯ ನಟ ಅಂಬರೀಷ್ ಅವರ ಮೊಮ್ಮಗ. ಕಂಪನಿ ನಾಟಕದ ರಂಗದಲ್ಲಿ ಹಾಡಿ ಹೆಸರಾದ ನಟಿ ಮಳವಳ್ಳಿ ಸುಂದರಮ್ಮನವರದೂ ಮೈಕಿಲ್ಲದೆ ಡೇರೆಯ ಕೊನೆಗೆ ಮುಟ್ಟಬೇಕಾದ ಕಂಠವೇ. ಇಂಥ ದನಿಗಳನ್ನು ಕಹಳೆ ಗ್ರಾಮಫೋನು ಚೆನ್ನಾಗಿ ಹಿಡಿಯುತ್ತಿತ್ತು. ಗಟ್ಟಿ ದನಿ ಅದಕ್ಕೆ ಬೇಕೇ ಬೇಕು. ಪಿಸುಮಾತಿನ ಹಾಡು, ಮೆಲುದನಿಯ ಭಾವಗೀತೆ ಸಾಧ್ಯವಾದದ್ದು 1925ರಲ್ಲಿ ಮೈಕಿನ ಮೂಲಕ ಧ್ವನಿಮುದ್ರಿಸುವ ಪದ್ಧತಿ ಬಂದ ಮೇಲೆ. ಪಿ. ಕಾಳಿಂಗರಾಯರು ಕವಿಗಳ ಪದ್ಯಗಳನ್ನು ತಟ್ಟೆಗೆ ಹಾಡಿದ್ದು ಆ ನಂತರದ ಮಾತು.

ಅಷ್ಟು ಹೊತ್ತಿಗೆ ಮಂಡ್ಯದ ಸ್ಥಿತಿಯೂ ಬದಲಾಗಿತ್ತು. ಕೃಷ್ಣರಾಜಸಾಗರದ ನೀರು ನಾಲೆಗೆ ಬಂದಿತ್ತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತ್ತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಕಬ್ಬಿನ ದುಡ್ಡು ಕಂಡ ಮನೆಗಳಲ್ಲಿ ಹಾಡುವ ಪೆಟ್ಟಿಗೆ ಸೈಕಲ್ಲಿನಂತೆಯೇ ಅಂತಸ್ತಿನ ಗುರುತಾಯಿತು. ಪಟೇಲರ ಜಗಲಿಯ ಮೇಲೆ ಅದು ಕೂಗಿತೆಂದರೆ ಬೀದಿಯೇ ಬಂದು ಕೂರುತ್ತಿತ್ತು. ಒಬ್ಬನೇ ಕುಳಿತು ಕೇಳುವುದು ಇಲ್ಲಿನವರಿಗೆ ಗೊತ್ತೇ ಇರಲಿಲ್ಲ ಎನ್ನಬೇಕು.

ಒಬ್ಬನೇ ಕುಳಿತು ಕೇಳುವುದನ್ನು ಒಂದು ಸಾಧನೆಯಾಗಿ ಮಾಡಿಕೊಂಡವರು ಮಂಡ್ಯದಿಂದ ನಲವತ್ತೈದು ಕಿಲೋಮೀಟರು ದೂರದ ಅರಮನೆಯಲ್ಲಿದ್ದರು. 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿ ಪಿಯಾನೋ ಕಲಿತವರು, ಲಂಡನ್ನಿನ ಸಂಗೀತ ಶಾಲೆಗಳ ಪದವಿ ಪಡೆದವರು. ಕರ್ನಾಟಕ ಸಂಗೀತದಲ್ಲಿ ‘ಶ್ರೀವಿದ್ಯಾ’ ಅಂಕಿತದ 94 ಕೃತಿಗಳನ್ನು ರಚಿಸಿದವರೂ ಅವರೇ. ಅವರ ತಟ್ಟೆಗಳ ಸಂಗ್ರಹ ಸುಮಾರು 20,000 ಇತ್ತೆಂದು ಅಂದಾಜು. ಎಚ್.ಎಂ.ವಿ. ಗುಂಪಿನ ಪ್ರಸಿದ್ಧ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಅವರ ಆಹ್ವಾನದ ಮೇಲೆ ಮೈಸೂರಿಗೆ ಬಂದಾಗ ಕಂಡು ಬೆರಗಾದದ್ದು ಚಿನ್ನದ ಅಂಬಾರಿಗಲ್ಲ. ಗಂಭೀರ ಸಂಗೀತದ ಸಿಗಬಹುದಾದ ಎಲ್ಲ ಮುದ್ರಿಕೆಗಳೂ ಅಲ್ಲಿದ್ದವು, ಅವನ್ನು ಹೋಲಿಸಿ ನೋಡಲು ಬಗೆಬಗೆಯ ಧ್ವನಿವರ್ಧಕಗಳ ಸಾಲೇ ಇತ್ತು, ಹಲವು ದೊಡ್ಡ ಪಿಯಾನೋಗಳಿದ್ದವು ಎಂದು ಆತ ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾನೆ. ಒಂದೇ ತಟ್ಟೆಯನ್ನು ಬೇರೆ ಬೇರೆ ಧ್ವನಿವರ್ಧಕದಲ್ಲಿ ಕೇಳಿ ಯಾವುದು ವಾದ್ಯಕ್ಕೆ ಹತ್ತಿರ ಎಂದು ತೂಗುವ ಅಭ್ಯಾಸ ಇಂದಿನ ಶ್ರವಣರಸಿಕರದ್ದು. ಅದು ಮೈಸೂರಿನಲ್ಲಿ ಎಂಟು ದಶಕಗಳ ಹಿಂದೆಯೇ ನಡೆದಿತ್ತು.

ಆ ಕೇಳುವಿಕೆ ಸುಮ್ಮನೆ ಶೋಕಿಯಾಗಿ ಉಳಿಯಲಿಲ್ಲ. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ಸಂಗೀತಕಾರ ಲಂಡನ್ನಿನಲ್ಲಿ ಬಡತನದಲ್ಲಿ, ಹೃದ್ರೋಗದಲ್ಲಿ ದಿನ ತಳ್ಳುತ್ತಿದ್ದ. ಆತನ ಸಂಗೀತವನ್ನು ಯಾರೂ ಕೇಳದ ಕಾಲ. ಮಹಾರಾಜರು ದುಡ್ಡು ಕೊಟ್ಟು ‘ಮೆಟ್ನರ್ ಸೊಸೈಟಿ’ ಮಾಡಿಸಿ, 1940ರ ದಶಕದ ಕೊನೆಯಲ್ಲಿ ಆತ ತಾನೇ ಪಿಯಾನೋ ನುಡಿಸಿದ ಕೃತಿಗಳನ್ನು ಎಚ್.ಎಂ.ವಿ. ತಟ್ಟೆಗಳಿಗೆ ಹಾಕಿಸಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ. 1951ರಲ್ಲಿ ಆತ ತೀರಿಕೊಂಡ. ಇಂದು ಆತನ ಪಿಯಾನೋ ವಾದನ ಜಗತ್ತಿಗೆ ಕೇಳಿಸುತ್ತಿರುವುದು ಮುಖ್ಯವಾಗಿ ಆ ತಟ್ಟೆಗಳಿಂದ. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಕಾಲೂರಲು ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷ ನೆರವು ನೀಡಲು ಒಪ್ಪಿದವರೂ ಅವರೇ ಎಂದು ಲೆಗ್ ಹೇಳುತ್ತಾನೆ. ಅರಸೊತ್ತಿಗೆ ಮುಗಿಯುತ್ತಿದ್ದ ವರ್ಷಗಳಲ್ಲಿ ಬಡ ಸಂಸ್ಥಾನದ ದುಡ್ಡು ಲಂಡನ್ನಿಗೆ ಹೋಗಬೇಕಿತ್ತೇ ಎಂದು ಕೇಳುವವರೂ ಉಂಟು, ಆ ಪ್ರಶ್ನೆ ಸುಳ್ಳಲ್ಲ. ಹಾಗೆಂದು ಸಾಯುತ್ತಿದ್ದ ಒಬ್ಬ ಕಲಾವಿದನ ಕೈಯ ಸದ್ದು ಉಳಿದದ್ದೂ ಸುಳ್ಳಲ್ಲ.

ಒಂದು ಮಾತನ್ನು ಮರೆಯಬಾರದು. ಈ ತಟ್ಟೆಗಳೂ 78 ಸುತ್ತಿನವೇ. ಹನ್ನೆರಡು ಅಂಗುಲದ ದೊಡ್ಡ ತಟ್ಟೆಯಾದರೂ ಮಗ್ಗುಲಿಗೆ ನಾಲ್ಕೈದು ನಿಮಿಷ ಮಾತ್ರ. ಅರ್ಧ ಗಂಟೆಯ ಒಂದು ಕನ್ಸರ್ಟೊ ಕೇಳಬೇಕಾದರೆ ನಾಲ್ಕೈದು ತಟ್ಟೆಗಳನ್ನು ಮಗುಚಿ ಮಗುಚಿ ಹಾಕಬೇಕು. ಎಷ್ಟು ಬೆಲೆಯ ಯಂತ್ರವಾದರೂ ಅರಸನ ರಸಭಂಗವೂ ಪಟೇಲನ ರಸಭಂಗವೂ ಒಂದೇ.

1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ನಡೆದ ಕಛೇರಿಯ ಕಥೆ ಇನ್ನೂ ಸೋಜಿಗದ್ದು. ಹಿಂದಿನ ವರ್ಷ ತೀರಿಕೊಂಡಿದ್ದ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅಂದು ಮೊದಲ ಬಾರಿಗೆ ಹಾಡಿದರು, ಫುರ್ಟ್‌ವೆಂಗ್ಲರ್ ವಾದ್ಯವೃಂದವನ್ನು ನಡೆಸಿದರು. ಕಛೇರಿಗೆ 4,800 ಡಾಲರುಗಳ ಹೊಣೆ ಹೊತ್ತವರು ಮೈಸೂರಿನ ಮಹಾರಾಜರು. ಅವರು ಅಂದು ಅಲ್ಲಿರಲಿಲ್ಲ. ಅವರಿಗೆ ಬೇಕಾಗಿದ್ದುದು ಆ ಕಛೇರಿಯ ಧ್ವನಿಮುದ್ರಿಕೆ. ಅದು ಹಡಗೇರಿ ಮೈಸೂರಿಗೆ ಬರಬೇಕು, ಸಂಗ್ರಹದಲ್ಲಿ ಸೇರಬೇಕು. ಅಂದಿನ ಹಾಡನ್ನು ಹಿಡಿದದ್ದು ಲೋಹದ ಮೇಲೆ ಮೆದುವಾದ ಅರಗೆಣ್ಣೆಯಂಥ ಲೇಪ ಬಳಿದ ತಟ್ಟೆಗಳ ಮೇಲೆ. ಇವನ್ನು ಕೊರೆದ ಕೂಡಲೇ ಕೇಳಬಹುದು, ಆದರೆ ಪ್ರತಿ ಸಲ ಕೇಳಿದಾಗಲೂ ಸೂಜಿ ಒಂದು ಪದರವನ್ನು ಹೆರೆದುಕೊಂಡು ಹೋಗುತ್ತದೆ. ಮುಂದೆ ಅವನ್ನು ಎಲ್.ಪಿ.ಗೆ ಇಳಿಸುವ ಹೊತ್ತಿಗೆ ತಟ್ಟೆಗಳು ತೀರಾ ಸವೆದಿದ್ದವು, ಮೊದಲ ಎಲ್.ಪಿ. ಬಹಳ ಕೆಟ್ಟದಾಗಿತ್ತು. 2007ರಲ್ಲಿ ಒಮ್ಮೆ, 2014ರಲ್ಲಿ ಮತ್ತೊಮ್ಮೆ ಗಣಕದ ನೆರವಿನಿಂದ ಕೊಳೆ ತೊಳೆದ ಮೇಲೆ ಆ ಸಂಜೆಯ ದನಿ ಒಂದಿಷ್ಟು ಕೇಳುವಂತಾಯಿತು. ಜಗತ್ತಿನಲ್ಲಿ ಮತ್ತೆಲ್ಲೂ ಇಲ್ಲದ ಹಾಡನ್ನು ಪ್ರೀತಿಯಿಂದ ಕೇಳಿ ಕೇಳಿಯೇ ಅಳಿಸಿಹಾಕುವುದು ಆ ಕಾಲದ ಯಂತ್ರಕ್ಕೆ ಎಷ್ಟು ಸುಲಭವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

1948ರಲ್ಲಿ ಅಮೆರಿಕದಲ್ಲಿ ಬಂದ ಎಲ್.ಪಿ. ತಟ್ಟೆ ಭಾರವನ್ನು ಒಮ್ಮೆಲೇ ಇಳಿಸಿತು. ಅರಗಿನ ಬದಲು ವಿನೈಲ್, ನಿಮಿಷಕ್ಕೆ ಮೂವತ್ತಮೂರೂ ಕಾಲೇಮುಕ್ಕಾಲು ಅಲ್ಲ, ಸರಿಯಾಗಿ ಮೂವತ್ತಮೂರೂ ಮೂರನೇ ಒಂದು ಸುತ್ತು. ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ನೀಲಮಣಿ ಅಥವಾ ವಜ್ರದ ಮೊನೆ, ಭಾರ ಕೆಲವೇ ಗ್ರಾಮು. 1955ರಲ್ಲಿ ಅಲಿ ಅಕ್ಬರ್ ಖಾನರ ಸರೋದ್ ವಾದನದ ಎಲ್.ಪಿ. ಹೊರಬಂದಾಗ ರಾಗವೊಂದು ತಟ್ಟೆಯ ಮೇಲೆ ಮೊದಲ ಸಲ ಕೈಕಾಲು ಚಾಚಿ ಕೂತಂತಾಯಿತು.

ಈ ಯಂತ್ರಕ್ಕೆ ಮಾತ್ರ ಕರೆಂಟು ಬೇಕು. ಕರೆಂಟಿನ ಗುಣ ಹಾಡಿನ ಗುಣಕ್ಕೆ ಹೇಗೆ ತಾಗುತ್ತದೆ ಎಂಬುದಕ್ಕೆ ಶಿವನಸಮುದ್ರಕ್ಕಿಂತ ಒಳ್ಳೆಯ ಪಾಠವಿಲ್ಲ. ಅಲ್ಲಿನ ಮೊದಲ ಯಂತ್ರಗಳು ಕೊಡುತ್ತಿದ್ದುದು ಸೆಕೆಂಡಿಗೆ 25 ಆವರ್ತಗಳ ವಿದ್ಯುತ್ತು. ದೇಶಕ್ಕೆಲ್ಲ ಒಂದೇ ಆಗಿ ನಿಂತದ್ದು 50. ತಟ್ಟೆ ತಿರುಗಿಸುವ ಹಲವು ಮೋಟಾರುಗಳು ಈ ಆವರ್ತಕ್ಕೆ ಹೆಜ್ಜೆ ಹಾಕುತ್ತವೆ. 50ಕ್ಕೆಂದು ಮಾಡಿದ ಅಂಥ ಮೋಟಾರಿಗೆ 25 ಕೊಟ್ಟರೆ ಅದು ಅರ್ಧ ವೇಗದಲ್ಲಿ ತಿರುಗಬೇಕಾಗುತ್ತದೆ. ತಟ್ಟೆಯ ಅಂಚಿಗೆ 180 ಚುಕ್ಕೆಗಳನ್ನು ಕೊರೆದು 50 ಆವರ್ತದ ದೀಪ ಹಿಡಿದರೆ, ವೇಗ ಸರಿಯಿದ್ದಾಗ ಚುಕ್ಕೆಗಳು ನಿಂತಂತೆ ಕಾಣುತ್ತವೆ, ಇಲ್ಲವಾದರೆ ಹಿಂದಕ್ಕೋ ಮುಂದಕ್ಕೋ ತೆವಳುತ್ತವೆ. ಒಳ್ಳೆಯ ಯಂತ್ರವನ್ನು ಅಂಗಡಿಯಲ್ಲಿ ಹಾಗೆ ಪರೀಕ್ಷಿಸುತ್ತಿದ್ದರು. ಆವರ್ತ ಸರಿಯಿದ್ದರೂ ಒತ್ತಡದ ತೊಂದರೆ ಬೇರೆ. ಪಂಪುಸೆಟ್ಟುಗಳು ಒಟ್ಟಿಗೆ ಶುರುವಾದಾಗ ಬಲ್ಬು ಕೆಂಪಗಾಗುವ ಊರುಗಳಲ್ಲಿ ಹಾಡು ಕೇಳುವವರು ಸ್ಟೆಬಿಲೈಸರನ್ನು ಯಂತ್ರಕ್ಕಿಂತ ಮೊದಲು ಕೊಳ್ಳಬೇಕಾಯಿತು.

ಆಮದಿಗೆ ಕಟ್ಟುನಿಟ್ಟಿದ್ದ ಆ ದಶಕಗಳಲ್ಲಿ ಆಯ್ಕೆಯೂ ಹೆಚ್ಚಿರಲಿಲ್ಲ. ಸೂಟ್‌ಕೇಸಿನಂತೆ ಮುಚ್ಚಿ ಒಯ್ಯಬಹುದಾದ ಎಚ್.ಎಂ.ವಿ. ಫಿಯೆಸ್ಟಾ ಮಧ್ಯಮ ವರ್ಗದ ಮನೆಗಳ ಯಂತ್ರ. ಅದಕ್ಕಿಂತ ಮೇಲೆ ಹೋಗಬೇಕೆನ್ನುವವರಿಗೆ ಕಲ್ಕತ್ತೆಯ ಸೊನೊಡೈನ್, ಮುಂಬಯಿಯ ಕಾಸ್ಮಿಕ್. ಮಂಡ್ಯ ಸೀಮೆಯ ಬಹುಪಾಲು ಜನ ತಟ್ಟೆಯ ಹಾಡನ್ನು ಕೇಳಿದ್ದು ಮನೆಯಲ್ಲಲ್ಲ. ಮದುವೆ ಮನೆಯ ತೆಂಗಿನಮರಕ್ಕೆ ಕಟ್ಟಿದ ಕಹಳೆಯಲ್ಲಿ, ಟೆಂಟ್ ಸಿನಿಮಾ ಶುರುವಾಗುವ ಮುನ್ನ ಊರಿಗೆಲ್ಲ ಕೇಳುವಂತೆ ಹಾಕುತ್ತಿದ್ದ ಘಂಟಸಾಲರ ವೆಂಕಟೇಶನ ಹಾಡಿನಲ್ಲಿ. ಆ ಹಾಡು ಬಂತೆಂದರೆ ಟಿಕೆಟ್ಟಿಗೆ ಓಡಬೇಕು. ಮೈಕ್ ಸೆಟ್ಟಿನವನ ತಟ್ಟೆಗಳು ದೂಳು, ಬಿಸಿಲು, ಸವೆದ ಮುಳ್ಳು ಎಲ್ಲವನ್ನೂ ಕಂಡವು. ಗೀರು ಬಿದ್ದು ಒಂದೇ ಸಾಲು ತಿರುತಿರುಗಿ ಬರುವುದನ್ನು ಕೇಳಿದ ಮೇಲೆಯೇ ಹೇಳಿದ್ದನ್ನೇ ಹೇಳುವವನಿಗೆ ‘ಸವೆದ ಪ್ಲೇಟು’ ಎಂಬ ಹೆಸರು ಬಂದದ್ದು.

ಇಷ್ಟೆಲ್ಲ ಆದರೂ ತಟ್ಟೆಯ ಕಂಪನಿಗಳ ಕಣ್ಣಿಗೆ ಬೀಳದೆ ಉಳಿದ ಒಂದು ಸಂಗೀತ ಈ ನೆಲದಲ್ಲೇ ಇತ್ತು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಗದ್ದುಗೆಯಿದೆ, ಕಾವೇರಿಯಾಚೆ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯದು. ಈ ಪರಂಪರೆಯ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ಕಥೆಯನ್ನು ‘ಸಾಲು’ಗಳಾಗಿ ರಾತ್ರಿಯಿಡೀ ಹಾಡುತ್ತಾರೆ. ಒಂದು ಸಾಲೇ ಗಂಟೆಗಟ್ಟಲೆ ಬೆಳೆಯುತ್ತದೆ. ಮೂರು ನಿಮಿಷದ ತಟ್ಟೆಯಲ್ಲಿ ಅದು ಎಲ್ಲಿ ಹಿಡಿದೀತು? ಇಪ್ಪತ್ತು ನಿಮಿಷದ ಎಲ್.ಪಿ.ಯಲ್ಲೂ ಪೀಠಿಕೆಯಷ್ಟೇ. ಯಂತ್ರದ ಅಳತೆಗೆ ಹೊಂದಿಕೊಂಡ ಸಂಗೀತ ಉಳಿಯಿತು, ಹೊಂದದ್ದು ಹೊರಗೇ ನಿಂತಿತು. ಮಲೆಯ ಮಾದೇಶ್ವರನ ಕಾವ್ಯ ಮೊದಲು ಪುಸ್ತಕಕ್ಕೆ ಬಂದದ್ದು ಪಿ.ಕೆ. ರಾಜಶೇಖರ ಅವರಂಥ ಸಂಗ್ರಾಹಕರ ಶ್ರಮದಿಂದ 1970ರ ದಶಕದಲ್ಲಿ. ಆದರೆ ಪುಸ್ತಕದಲ್ಲಿ ತಂಬೂರಿಯಿಲ್ಲ.

ಬಾಗಿಲು ತೆರೆದದ್ದು ಧ್ವನಿಸುರುಳಿ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ಕನ್ನಡದಲ್ಲಿ ಮೊದಲು ಕವಿಗಳನ್ನು ಹುಡುಕಿಕೊಂಡು ಹೋಯಿತು. 1978ರಲ್ಲಿ ನಿಸಾರ್ ಅಹಮದರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಮುಂದೆ ಮಂಡ್ಯ ಜಿಲ್ಲೆಯವರೇ ಆದ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರ ಪುಸ್ತಕದಿಂದೆದ್ದು ಸಿ. ಅಶ್ವಥ್ ಮೊದಲಾದವರ ಕಂಠದಲ್ಲಿ ಟು-ಇನ್-ವನ್ನುಗಳ ಮೂಲಕ ಮನೆಮನೆಗೆ ನಡೆಯಿತು. ಅದರ ಬೆನ್ನಿಗೇ ಬಸ್ ನಿಲ್ದಾಣದ ಕ್ಯಾಸೆಟ್ ಅಂಗಡಿಗಳಿಂದ ಮಳವಳ್ಳಿ ಮಹದೇವಸ್ವಾಮಿಯವರ ದನಿ ಕೇಳತೊಡಗಿತು. ಮಂಟೇಸ್ವಾಮಿ, ಸಿದ್ಧಪ್ಪಾಜಿ, ಮಾದೇಶ್ವರರ ಕಥೆಗಳು ಸುರುಳಿಗಳಾಗಿ ಲಾರಿ, ಹೋಟೆಲು, ಆಲೆಮನೆ, ಹಟ್ಟಿಗಳನ್ನು ಸೇರಿದವು. ಪದವೀಧರರ ಮನೆಯ ದುಬಾರಿ ಯಂತ್ರಕ್ಕೆ ಆ ಸುರುಳಿಗಳು ಬಹುಕಾಲ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಕೇಳುವ ಯಂತ್ರಕ್ಕೂ ಜಾತಿಯಿತ್ತು.

ಸುರುಳಿಗೆ ಸೂಜಿಯಿಲ್ಲ, ನಿಜ. ಆದರೂ ಟೇಪು ತಲೆಗೆ ಉಜ್ಜಿಯೇ ಓಡಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಯಂತ್ರದ ಹಲ್ಲಿಗೆ ಸಿಕ್ಕಿ ನುಲಿಯುತ್ತದೆ. ಪೆನ್ಸಿಲು ತೂರಿಸಿ ಸುತ್ತಿ ಸರಿಮಾಡಿದ ನೆನಪು ಒಂದು ತಲೆಮಾರಿಗೇ ಇದೆ.

ಮುಟ್ಟದೆ ಓದುವ ಯಂತ್ರ ಬಂದದ್ದು 1982ರಲ್ಲಿ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಕೂಡಿ ರೂಪಿಸಿದ ಸಿ.ಡಿ.ಯ ಮೊದಲ ಪ್ರತಿಗಳು ಒತ್ತಿ ತಯಾರಾದದ್ದು, ಕಾಕತಾಳೀಯವೋ ಏನೋ, ಎಂಬತ್ತು ವರ್ಷಗಳ ಹಿಂದೆ ಗೌಹರ್ ಜಾನಳ ಮೇಣದ ತಟ್ಟೆಗಳು ಹೋಗಿದ್ದ ಅದೇ ಹ್ಯಾನೋವರಿನ ಬಳಿ. ಹನ್ನೆರಡು ಸೆಂಟಿಮೀಟರ್ ಅಗಲದ ಬಿಲ್ಲೆಯಲ್ಲಿ 74 ನಿಮಿಷದ ಸಂಗೀತ. ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತಾರೆ. ಆ ಅಂಕಿಗಳ ಸಾಲು ಬಿಚ್ಚಿ ಹಾಸಿದರೆ ಐದು ಕಿಲೋಮೀಟರಿಗೂ ಹೆಚ್ಚು ಉದ್ದ, ಅಂದರೆ ಊರಿಂದ ಪಕ್ಕದ ಊರಿಗೆ. ಒಳಗಿನಿಂದ ಹೊರಕ್ಕೆ ಓದುತ್ತ ಹೋದಂತೆ ಬಿಲ್ಲೆಯ ವೇಗ ನಿಮಿಷಕ್ಕೆ 500 ಸುತ್ತಿನಿಂದ 200ಕ್ಕೆ ಇಳಿಯುತ್ತದೆ. ಓದುವುದು ಲೇಸರ್ ಕಿರಣ. ಬೆಳಕಿಗೆ ತೂಕವಿಲ್ಲ. ನೂರು ಗ್ರಾಮಿನಿಂದ ಶುರುವಾದ ಭಾರ ಸೊನ್ನೆಗೆ ಇಳಿಯಿತು. ವೇಗವನ್ನು ಕಾಯುವುದೂ ಯಂತ್ರದೊಳಗಿನ ಸ್ಫಟಿಕವೇ ಹೊರತು ಕರೆಂಟಿನ ಆವರ್ತವಲ್ಲ. ಶಿವನಸಮುದ್ರದ ಚಿಂತೆಯೂ ಅಲ್ಲಿಗೆ ಮುಗಿಯಿತು.

ಹಾಗಿದ್ದಮೇಲೆ ಎಲ್ಲ ಸಿ.ಡಿ. ಯಂತ್ರಗಳೂ ಒಂದೇ ಅಲ್ಲವೇ? ಈ ವಾದ ನಲವತ್ತು ವರ್ಷಗಳಿಂದ ನಡೆದಿದೆ. ದುಬಾರಿ ಯಂತ್ರಗಳಲ್ಲಿ ಬಿಲ್ಲೆಯನ್ನು ಓದುವ ಭಾಗ ಒಂದು ಪೆಟ್ಟಿಗೆ, ಅಂಕಿಗಳನ್ನು ಮತ್ತೆ ದನಿಯಾಗಿಸುವ ಭಾಗ ಇನ್ನೊಂದು. ಭಾರವಾದ ಕವಚ, ಪ್ರತ್ಯೇಕ ವಿದ್ಯುತ್ ಪೂರೈಕೆ, ಕಾಲಗಣನೆಯಲ್ಲಿ ಕೂದಲೆಳೆಯ ಏರುಪೇರೂ ಆಗದಂಥ ಏರ್ಪಾಡು. ಅಗ್ಗದ ಯಂತ್ರಕ್ಕೂ ನಡುಬೆಲೆಯ ಯಂತ್ರಕ್ಕೂ ಇರುವ ವ್ಯತ್ಯಾಸ ಕಿವಿಗೆ ಸ್ಪಷ್ಟವಾಗಬಹುದು. ನಡುಬೆಲೆಯಿಂದ ಮೇಲಕ್ಕೆ ಬೆಲೆ ಹತ್ತುವ ವೇಗದಲ್ಲಿ ದನಿ ಹತ್ತುವುದಿಲ್ಲ. ಅದೇ ದುಡ್ಡನ್ನು ಧ್ವನಿವರ್ಧಕಕ್ಕೆ ಸುರಿದವರು ಹೆಚ್ಚು ಪಡೆಯುತ್ತಾರೆ. ಮಹಾರಾಜರು ಧ್ವನಿವರ್ಧಕಗಳ ಸಾಲನ್ನೇ ಇಟ್ಟುಕೊಂಡಿದ್ದರ ಮರ್ಮವೂ ಇದೇ ಇರಬೇಕು. ಕೋಣೆಯ ಪಾತ್ರವಂತೂ ಎಲ್ಲಕ್ಕಿಂತ ದೊಡ್ಡದು. ನಡುವೆ ಬಯಲಿರುವ ಹಳೆಯ ತೊಟ್ಟಿಮನೆಯಲ್ಲಿ ದನಿ ಮೇಲೆ ಹೊರಟುಹೋಗುತ್ತದೆ, ಗೂಡಿಗೆ ಬಡಿದು ಗುಂಯ್ಗುಡುವುದಿಲ್ಲ. ಅದನ್ನು ಕೆಡವಿ ಕಟ್ಟಿದ ಆರ್.ಸಿ.ಸಿ. ಮನೆಯ ಬರಿಗೋಡೆ, ನುಣುಪು ನೆಲದ ನಡುವೆ ಲಕ್ಷ ರೂಪಾಯಿಯ ಯಂತ್ರವೂ ಬಾವಿಯೊಳಗೆ ಕೂಗಿದಂತೆ ಕೇಳುತ್ತದೆ. ಒಂದು ದಪ್ಪ ಜಮಖಾನೆ, ಪುಸ್ತಕ ತುಂಬಿದ ಕಪಾಟು ಅಲ್ಲಿ ಮಾಡುವ ಉಪಕಾರವನ್ನು ಯಾವ ಕಂಪನಿಯೂ ಮಾರುವುದಿಲ್ಲ.

ಶ್ರೀಮಂತ ರಸಿಕರು ಹೀಗೆ ಕೂದಲು ಸೀಳುತ್ತಿದ್ದ ಹೊತ್ತಿನಲ್ಲೇ, ಈ ಶತಮಾನದ ಆರಂಭದ ವರ್ಷಗಳಲ್ಲಿ, ಹಳ್ಳಿಗಳಿಗೆ ಅಗ್ಗದ ಚೀನೀ ವಿ.ಸಿ.ಡಿ. ಯಂತ್ರಗಳು ಬಂದವು. ಎಂ.ಪಿ. 3 ಎಂಬ ಕುಗ್ಗಿಸಿದ ರೂಪದ ಹಾಡುಗಳನ್ನೂ ಅವು ಓದುತ್ತಿದ್ದವು. ಕುಗ್ಗಿಸುವಾಗ ದನಿಯ ಸೂಕ್ಷ್ಮಗಳು ಒಂದಿಷ್ಟು ಉದುರಿಹೋಗುತ್ತವೆ, ಬಲ್ಲವರು ಮೂಗು ಮುರಿಯುತ್ತಾರೆ. ಆದರೆ ಸಾಮಾನ್ಯ ಮಟ್ಟದಲ್ಲಿ ಕುಗ್ಗಿಸಿದರೆ ಒಂದೇ ಬಿಲ್ಲೆಯಲ್ಲಿ ಸುಮಾರು ಹನ್ನೆರಡು ಗಂಟೆಯ ಹಾಡು ಹಿಡಿಯುತ್ತದೆ. ಕತ್ತಲಾದ ಮೇಲೆ ಶುರುವಾಗಿ ಕೋಳಿ ಕೂಗುವವರೆಗೆ ನಡೆಯುವ ನೀಲಗಾರರ ಒಂದು ರಾತ್ರಿಗೆ ಅದು ಸಾಕು. ಮಗುಚದೆ, ಸೂಜಿ ಬದಲಿಸದೆ, ನಡುವೆ ಕಡಿಯದೆ ಇಡೀ ಕಥೆಯನ್ನು ಹೊರಬಲ್ಲ ತಟ್ಟೆ ಎಂಬುದು ಮಳವಳ್ಳಿಯ ಮಟ್ಟಿಗೆ ಅದೇ ಮೊದಲು. ಆ ಸಂಗೀತಕ್ಕೆ ‘ಉತ್ತಮ ದರ್ಜೆಯ ಯಂತ್ರ’ ಯಾವುದೆಂದು ಕೇಳಿದರೆ, ಲಂಡನ್ನಿನ ಪತ್ರಿಕೆಗಳು ಹೊಗಳಿದ ಪೆಟ್ಟಿಗೆಗಿಂತ ಮುಂಚೆ ಈ ಅಗ್ಗದ ಯಂತ್ರದ ಹೆಸರನ್ನೇ ಹೇಳಬೇಕಾಗುತ್ತದೆ.

ಆಮೇಲೆ ಬಿಲ್ಲೆಯೇ ಬೇಡವೆನ್ನುವ ಫೋನಿನ ಕಾಲ ಬಂತು. ಅದರ ನಡುವೆಯೇ ವಿನೈಲ್ ತಟ್ಟೆ ಎದ್ದು ಬಂದಿದೆ. ಅಮೆರಿಕದಲ್ಲಿ 2020ರಲ್ಲಿ ವಿನೈಲ್ ಮಾರಾಟದ ಹಣ ಸಿ.ಡಿ.ಯದನ್ನು ಮೀರಿತು, 2022ರಲ್ಲಿ ತಟ್ಟೆಗಳ ಸಂಖ್ಯೆಯೂ ಮೀರಿತು. ಅಟ್ಟದ ಮೇಲಿನ ಹಳೆಯ ತಟ್ಟೆಗಳನ್ನು ಕೆಳಗಿಳಿಸುವವರು ಈಗ ಎಲ್ಲ ಊರುಗಳಲ್ಲೂ ಇದ್ದಾರೆ. ಅವರು ತಿಳಿದಿರಬೇಕಾದದ್ದು ಇಷ್ಟು: 78ರ ತಟ್ಟೆಯ ಗೀರು ಅಗಲ, ಎಲ್.ಪಿ.ಯ ಸೂಜಿ ಅದರ ತಳದಲ್ಲಿ ದೂಳು ಕೆರೆಯುತ್ತ ಓಡುತ್ತದೆ. ಅದಕ್ಕೆ ಸುಮಾರು ಮೂರುಪಟ್ಟು ದಪ್ಪದ ಮೊನೆಯ ಬೇರೆ ಸೂಜಿಯೇ ಬೇಕು. ಸ್ಪಿರಿಟ್ ಹಾಕಿ ಒರೆಸಬಾರದು, ಅರಗು ಕರಗುತ್ತದೆ. ಒಂದೇ ಪ್ರತಿ ಉಳಿದಿರುವ ತಟ್ಟೆಯಾದರೆ ಅಜ್ಜನ ಕಾಲದ ಪೆಟ್ಟಿಗೆಗೆ ಕೀಲಿ ಕೊಟ್ಟು ನೋಡುವ ಆಸೆಯನ್ನು ತಡೆದುಕೊಂಡು, ಮೊದಲು ಹಗುರ ತಲೆಯ ಯಂತ್ರದಲ್ಲಿ ಒಮ್ಮೆ ಹಾಕಿ ಗಣಕಕ್ಕೆ ಇಳಿಸಿಕೊಳ್ಳಬೇಕು.